ಕಂತು ತಪ್ಪದವನಿಗೂ ಕಂತಿಲ್ಲ!

ಕಳೆದ ಮಳೆಗಾಲಕ್ಕೆ ಮೊದಲು ಹುಲ್ಲು ಹೆರೆಯುವ ಯಂತ್ರ ಕೊಳ್ಳಲು ಪೇಟೆಗೆ ಹೋಗಿದ್ದೆ. ಬೆಲೆ 32 ಸಾವಿರ. "ಒಟ್ಟಿಗೆ ಯಾಕೆ ಕೊಡ್ತೀರಿ? ಹತ್ತು ಕಂತು ಮಾಡುವ" ಎಂದರು ಅಂಗಡಿಯವರು. ಅಡಿಕೆ ಧಾರಣೆ ಏರಲೆಂದು ಕಾಯುತ್ತಿದ್ದ ಹೊತ್ತು. ಒಪ್ಪಿದೆ. ಅಲ್ಲೇ ಕೂತಿದ್ದ ಫೈನಾನ್ಸಿನ ಹುಡುಗ ಪಾನ್ ನಂಬರ್ ಒತ್ತಿದ. ಎರಡೇ ನಿಮಿಷ. "ಆಗೂದಿಲ್ಲ ಅಂಕಲ್, ರಿಜೆಕ್ಟ್ ಬರ್ತಾ ಉಂಟು. ನಿಮ್ಮದು ಸ್ಕೋರೇ ಇಲ್ಲ."

ಊರಿನ ಸೊಸೈಟಿಯಲ್ಲಿ ನನ್ನದು 22 ವರ್ಷದ ಬೆಳೆಸಾಲ. ಒಂದು ವರ್ಷವೂ ಸುಸ್ತಿಯಾಗಿಲ್ಲ. ಗೊಬ್ಬರದಂಗಡಿಯ ಉದ್ರಿ, ಅಡಿಕೆ ಕೊಟ್ಟ ವಾರವೇ ಚುಕ್ತಾ. ಆದರೂ 32 ಸಾವಿರಕ್ಕೆ ನಾನು ನಂಬಿಕಸ್ಥನಲ್ಲ! ಕೊನೆಗೆ ಕಾದಿಟ್ಟ ಅಡಿಕೆಯಲ್ಲೇ ಸ್ವಲ್ಪ ಕೊಟ್ಟು ಯಂತ್ರ ತಂದೆ. ಮಾರುವ ದಿನವನ್ನು ಆರಿಸುವ ಅವಕಾಶ ಕೈತಪ್ಪಿತು.

ಹೀಗೇಕೆ ಎಂದು ವಿಚಾರಿಸುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎರಡು ಪುಸ್ತಕ

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ನಮ್ಮ ಹಳ್ಳಿಯ ಸಾಲಕ್ಕೆ ಪರಿಚಯವೇ ಬುಡ. ಇಂಥವರು ಕೊಡುತ್ತಾರೆ, ಇಂಥವರು ಸತಾಯಿಸುತ್ತಾರೆ ಎಂಬುದು ಊರಿಗೇ ಗೊತ್ತು.

ಫೈನಾನ್ಸಿನವರಿಗೆ ನಮ್ಮ ಮುಖ ಗೊತ್ತಿಲ್ಲ. ಅಡವಿಲ್ಲದೆ ಕೊಡುವ ಅವರು ನೋಡುವ ಪುಸ್ತಕವೇ ಬೇರೆ. ಬ್ಯಾಂಕು, ಫೈನಾನ್ಸ್ ಸಂಸ್ಥೆಗಳು ತಾವು ಕೊಟ್ಟ ಸಾಲದ ಲೆಕ್ಕವನ್ನು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪೆನಿಗಳಿಗೆ ಕಳುಹಿಸುತ್ತವೆ. ಇವುಗಳಿಗಾಗಿಯೇ 2005ರ ಒಂದು ಕಾಯಿದೆ ಇದೆ. ಆ ಲೆಕ್ಕದಿಂದ ಹುಟ್ಟುವುದು 300ರಿಂದ 900ರೊಳಗಿನ ಅಂಕ. ನಮ್ಮ ಬಾಯಲ್ಲಿ ಎಲ್ಲವೂ 'ಸಿಬಿಲ್'.

ಗೊಬ್ಬರದಂಗಡಿಯ ಉದ್ರಿ ಆ ಪುಸ್ತಕಕ್ಕೆ ಸೇರುವುದಿಲ್ಲ. ಠೇವಣಿ ಎಷ್ಟಿದ್ದರೂ ಅಂಕವಿಲ್ಲ. ಹಳ್ಳಿಯ ಸೊಸೈಟಿಯ ಲೆಕ್ಕವೂ ಅಲ್ಲಿಗೆ ತಲಪಿರುತ್ತದೆಂಬ ಖಾತ್ರಿಯಿಲ್ಲ. ಅಂದರೆ ನಾವು ಕೆಟ್ಟ ಸಾಲಗಾರರೆಂದಲ್ಲ. ಅವರ ಮಟ್ಟಿಗೆ ನಾವು ಸಾಲಗಾರರೇ ಅಲ್ಲ.

ಸರಕಾರ ಹೇಳುವುದೇನು?

ಸಾಲಕ್ಕೆ ಇಂತಿಷ್ಟು ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿಲ್ಲ. ಮೊದಲ ಬಾರಿ ಸಾಲ ಕೇಳುವವರನ್ನು ಹಳೆ ಲೆಕ್ಕವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸಲಹೆ ಮಾಡಿದೆಯೆಂದು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ ಲೋಕಸಭೆಗೆ ತಿಳಿಸಿತು. ಆದರೆ ಕೊಡುವುದು ಬಿಡುವುದು ಕೊನೆಗೂ ಕೊಡುವವರ ತೀರ್ಮಾನವೇ. ಅಂಗಡಿಯ ಕಂಪ್ಯೂಟರಿನೊಡನೆ ವಾದ ಮಾಡಲು ಬರುತ್ತದೆಯೇ?

ನಾವು ಮಾಡಬಹುದಾದ್ದು

• ನಿಮ್ಮ ವರದಿ ನೀವೇ ನೋಡಿ. 2017ರ ಜನವರಿಯಿಂದ ಪ್ರತಿ ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಮೊಬೈಲ್ ಬಳಸಲು ಬಾರದಿದ್ದರೆ ಮಕ್ಕಳ ಸಹಾಯ ಪಡೆಯಿರಿ.

• ತಪ್ಪಿದ್ದರೆ ದೂರು ಕೊಡಿ. ತೀರಿಸಿದ ಸಾಲ ಬಾಕಿಯೆಂದೇ ಕಾಣುವುದುಂಟು, ಬೇರೆಯವರ ಸಾಲ ನಮ್ಮ ಹೆಸರಿಗೆ ಸೇರಿರುವುದೂ ಉಂಟು. 30 ದಿನದೊಳಗೆ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿದೆ. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು.

• ಜಾಮೀನು ಹಾಕುವಾಗ ಜಾಗ್ರತೆ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತರೆ ಅದು ನಮ್ಮ ವರದಿಯಲ್ಲೂ ಬರುತ್ತದೆ. ಅವರು ಕಟ್ಟದಿದ್ದರೆ ಪೆಟ್ಟು ನಮಗೂ.

• ರಿಯಾಯಿತಿಯಲ್ಲಿ ಸಾಲ ತೀರಿಸಿದರೆ 'ಪೂರ್ತಿ ಸಂದಾಯ' ಎಂದಾಗುವುದಿಲ್ಲ, 'ರಾಜಿಯಲ್ಲಿ ತೀರಿದ್ದು' ಎಂದು ದಾಖಲಾಗುತ್ತದೆ. ಮುಂದೆ ಸಾಲ ಕೊಡುವವರು ಇದನ್ನು ಗಮನಿಸುತ್ತಾರೆ.

• ಒಂದು ಅಂಗಡಿಯಲ್ಲಿ ಆಗದಿದ್ದರೆ ಅದೇ ದಿನ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ವರದಿಯಲ್ಲಿ ನಮೂದಾಗುತ್ತದೆ; ಹಣಕ್ಕಾಗಿ ಪರದಾಡುತ್ತಿದ್ದಾರೆಂಬ ಅರ್ಥ ಬರುತ್ತದೆ.

ಅಂಕ ಬೇಕೆಂದು ಬೇಡದ ಸಾಲ ಮಾಡಬಹುದೇ? ಖಂಡಿತ ಬೇಡ. ಹೇಗೂ ಬೆಳೆಸಾಲ ಬೇಕಾದವರು ಅದರಲ್ಲೊಂದು ಪಾಲನ್ನು ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ ಪಡೆದು ವಾಯಿದೆಗೆ ಕಟ್ಟುತ್ತಾ ಬಂದರೆ ಸಾಕು, ಲೆಕ್ಕ ತಾನಾಗಿ ಬೆಳೆಯುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಸರಿಯಾಗಿ ಕಟ್ಟುವ ರೈತರ ಹೆಸರು ಹೆಚ್ಚಾಗಿ ಇರುವುದು ಸೊಸೈಟಿಯ ಪುಸ್ತಕದಲ್ಲಿ. ಅದು ಕಪಾಟಿನಲ್ಲೇ ಉಳಿದರೆ ನಮ್ಮ ನಿಯತ್ತು ಊರಿನ ಗಡಿ ದಾಟುವುದಿಲ್ಲ. ಮುಂದಿನ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ಕೇಳುವುದರ ಜತೆಗೆ ಇದನ್ನೂ ಕೇಳೋಣ: "ನಾವು ಸಾಲ ಕಟ್ಟಿದ ಲೆಕ್ಕ ಸಿಬಿಲಿಗೆ ಹೋಗುತ್ತದೆಯೇ? ಇಲ್ಲವಾದರೆ ಯಾಕೆ?"