ಬಚ್ಚಲ ಬಾಗಿಲ ಹಿಂದಿನ ಮಾತು

ಸಂಸಾರದಲ್ಲಿ ಕಲಹ ಹುಟ್ಟುವುದಕ್ಕೆ ದೊಡ್ಡ ಕಾರಣಗಳು ಬೇಕಿಲ್ಲ. ಆಸ್ತಿಯ ಪಾಲು, ಮದುವೆಯ ಖರ್ಚು ಮೊದಲಾದವು ಎಂದೋ ಒಮ್ಮೆ ತಲೆಯೆತ್ತುವ ವ್ಯಾಜ್ಯಗಳು. ದಿನ ಬೆಳಗಾದರೆ ಮನೆಯ ನೆಮ್ಮದಿಯನ್ನು ಕದಡುವವು ಅತಿ ಸಣ್ಣ ಸಂಗತಿಗಳೇ. ನಮ್ಮಲ್ಲಿಗೆ ಬಂದು ಸುಖದುಃಖ ಹೇಳಿಕೊಳ್ಳುವ ಭಕ್ತರ ಬಾಯಲ್ಲಿ ಈಚಿನ ವರುಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ಅಂಥದೊಂದು ಸಂಗತಿಯೆಂದರೆ ಹರೆಯಕ್ಕೆ ಕಾಲಿಟ್ಟ ಮಕ್ಕಳ ಸ್ನಾನ. “ಬಚ್ಚಲಿಗೆ ಹೊಕ್ಕರೆ ಮುಕ್ಕಾಲು ತಾಸು ಹೊರಗೆ ಬರುವುದಿಲ್ಲ, ದಿನಕ್ಕೆರಡು ಸಲ ಬೇರೆ, ನೀರೂ ಹೋಯಿತು, ಕರೆಂಟೂ ಹೋಯಿತು” ಎಂಬುದು ತಂದೆಯ ದೂರು. “ನಾನು ಸ್ವಚ್ಛವಾಗಿರುವುದೂ ತಪ್ಪೇ?” ಎಂಬುದು ಮಗುವಿನ ಮರುಪ್ರಶ್ನೆ. ನಡುವೆ ಸಿಕ್ಕ ತಾಯಿ ಎರಡೂ ಕಡೆಗೆ ಬೈಸಿಕೊಳ್ಳುವವಳು.

ಹಾಗೆ ಬಂದವರಿಗೆಲ್ಲ ನಾವು ಬಹುಕಾಲ ಒಂದೇ ಉತ್ತರ ಹೇಳುತ್ತಿದ್ದೆವು: ಮಿತವ್ಯಯವನ್ನು ಕಲಿಸಿರಿ, ಮಕ್ಕಳಿಗೆ ಶಿಸ್ತು ಬೇಕು. ಆ ಉತ್ತರ ಎಷ್ಟು ಅರೆಬರೆಯಾಗಿತ್ತೆಂಬುದು ಅದೇ ಬೆಂಕಿ ನಮ್ಮ ಮನೆಯ ಹೊಸ್ತಿಲಿಗೆ ಬಂದಾಗ ತಿಳಿಯಿತು. ಆ ಪ್ರಸಂಗವನ್ನು ಮುಚ್ಚಿಡದೆ ಇಲ್ಲಿ ನಿವೇದಿಸುತ್ತೇವೆ.

ಬಿಲ್ಲು ಬಂದ ದಿನ

ನಾವು ಧಾರವಾಡದಲ್ಲಿ ಮಗ, ಸೊಸೆ, ಮೊಮ್ಮಗಳೊಡನೆ ಇರುವವರು. ಮೊಮ್ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. 2023ರಲ್ಲಿ ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಮನೆಗೆ ವಿದ್ಯುತ್ತಿನ ಬಿಲ್ಲು ಸೊನ್ನೆಯಾಗಿ ಬರುತ್ತಿತ್ತು. ಯೋಜನೆಯ ನಿಯಮವನ್ನು ವಾಚಕರು ಬಲ್ಲರು: ಮನೆಗೆ ಗೊತ್ತುಮಾಡಿದ ಮಿತಿಯನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ 140ರ ಆಸುಪಾಸಿನಲ್ಲಿರುತ್ತಿದ್ದ ನಮ್ಮ ಬಳಕೆ 210 ದಾಟಿತು. ಸೊನ್ನೆಯ ಜಾಗದಲ್ಲಿ ಸಾವಿರ ರೂಪಾಯಿಗೆ ಮೀರಿದ ಮೊತ್ತ ಕುಳಿತಿತ್ತು.

ಮಗನು ಬಿಲ್ಲು ಹಿಡಿದು ನಿಂತ ಹೊತ್ತಿಗೆ ಹುಡುಗಿ ಸಂಜೆಯ ಜಳಕಕ್ಕೆ ಹೋಗಿದ್ದಳು. “ನೀರೇನು ನಿಮ್ಮಪ್ಪನ ಬಾವ್ಯಾಗಿಂದ ಬರ್ತಾವೇನು?” ಎಂದು ಬಾಗಿಲು ಬಡಿದ. ಅಪ್ಪನೇ ಅಪ್ಪನ ಬಾವಿಯ ಮಾತೆತ್ತಿದ್ದು ನಗೆ ತರಿಸಬೇಕಾಗಿತ್ತು, ಯಾರೂ ನಗಲಿಲ್ಲ. ಬಾಗಿಲು ತೆರೆಯದಿರಲು, ಹೊರಗಿದ್ದ ಗೀಸರಿನ ಗುಂಡಿಯನ್ನು ಆರಿಸಿಬಿಟ್ಟ. ಮೈತುಂಬ ಸಾಬೂನು ಹಚ್ಚಿಕೊಂಡಿದ್ದ ಮಗು ತಣ್ಣೀರಿನಲ್ಲಿ ಮಿಂದು, ಅಳುತ್ತ ಹೊರಬಂದು ಕೋಣೆ ಸೇರಿತು. ಅಂದು ರಾತ್ರಿ ಊಟವಿಲ್ಲ. ನಾಲ್ಕು ದಿನ ತಂದೆಮಗಳಿಗೆ ಮಾತಿಲ್ಲ. “ಹರೇದ ಹುಡುಗಿ, ಎರಕೊಳ್ಳಲಿ ಬಿಡು” ಎಂದು ಅಜ್ಜಿ ಮೊಮ್ಮಗಳ ಪಕ್ಷ ವಹಿಸಿದರೆ, “ನೀವೇ ತಲೆ ಮ್ಯಾಲೆ ಕೂಡಿಸ್ಕೊಂಡೀರಿ” ಎಂದು ಮಗ ತಾಯಿಯ ಮೇಲೆ ತಿರುಗಿದ. ಐದು ಮಂದಿಯ ಮನೆಯಲ್ಲಿ ಐದು ದಿಕ್ಕುಗಳಾದವು.

ನಮ್ಮ ಉಪದೇಶ ಮತ್ತು ಅವಳ ಉತ್ತರ

ಹಿರಿಯರೆಂಬ ಅಧಿಕಾರದಿಂದ ನಾವು ಮೊಮ್ಮಗಳನ್ನು ಕರೆದು ಕೂಡಿಸಿಕೊಂಡೆವು. ನಾವು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದವರು. ನಸುಕಿನ ಐದಕ್ಕೆ ಗಂಟೆ ಬಾರಿಸಿದೊಡನೆ ಬಾವಿಯ ಕಟ್ಟೆಗೆ ನಡೆಯಬೇಕು. ಒಬ್ಬೊಬ್ಬನಿಗೆ ಎರಡು ಕೊಡ ನೀರು, ಅದೂ ತಾನೇ ಸೇದಿದ್ದು. ಚಳಿಗಾಲವಿರಲಿ, ಮಳೆಗಾಲವಿರಲಿ, ಮಿಂದು ವಿಭೂತಿ ಧರಿಸಿ ಐದೂವರೆಗೆ ಪೂಜೆಗೆ ಕುಳಿತಿರಬೇಕು. ಇದನ್ನೆಲ್ಲ ವಿಸ್ತಾರವಾಗಿ ವರ್ಣಿಸಿ, ಎರಡು ಕೊಡದಲ್ಲಿ ನಾವು ಶುದ್ಧರಾಗಲಿಲ್ಲವೇ ಎಂದು ಕೇಳಿದೆವು. ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ ಹುಡುಗಿ ಕಡೆಗೆ ಒಂದೇ ಮಾತು ಹೇಳಿದಳು:

“ಅಜ್ಜಾ, ನಿಮಗ ಯಾರೂ ವಾಸನಿ ಬರ್ತದ ಅಂತ ಅಂದಿರಲಿಲ್ಲ.”

ನಮ್ಮ ಬಾಯಿ ಕಟ್ಟಿತು. ಮುಂದಿನದನ್ನು ಅವಳು ನಮ್ಮೊಡನೆ ಹೇಳಲಿಲ್ಲ. ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಹೇಳಿದಳು. ಆಟದ ಪಿರಿಯಡ್ಡಿನ ನಂತರ ಗೆಳತಿಯೊಬ್ಬಳು ಮೂಗು ಮುಚ್ಚಿಕೊಂಡು ಪಕ್ಕದ ಬೆಂಚಿಗೆ ಹೋಗಿ ಕುಳಿತಿದ್ದಳು, ಉಳಿದವರು ನಕ್ಕಿದ್ದರು. ಅದಾದ ಕೆಲವೇ ದಿನಗಳಲ್ಲಿ ಮನೆಗೆ ಬಂದಿದ್ದ ಹಿರಿಯ ಬಂಧುಗಳೊಬ್ಬರು, ತಿಂಗಳ ದಿನಗಳಲ್ಲಿದ್ದ ಅವಳು ಪೂಜೆಯ ಕೋಣೆಯ ಕಡೆಗೆ ಹೋಗುವುದನ್ನು ಕಂಡು, “ಮೊದಲು ತಲೆ ಎರಕೊಂಡು ಬಾ, ಹಾಂಗ ಮುಟ್ಟಬ್ಯಾಡ” ಎಂದಿದ್ದರು. ಅಂದಿನಿಂದ ಎಷ್ಟು ತೊಳೆದರೂ ತಾನು ಶುದ್ಧಳಾಗಲಿಲ್ಲವೆಂಬ ಶಂಕೆ ಆ ಎಳೆಯ ಮನಸ್ಸಿನಲ್ಲಿ ಬೇರೂರಿತ್ತು.

ಬಂಧುಗಳ ಆ ಮಾತು ನಮ್ಮ ಕಿವಿಗೂ ಬಿದ್ದಿತ್ತು. ನಾವು ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತಿದ್ದೆವು. ಬಂದವರ ಮನಸ್ಸು ನೋಯಿಸುವುದೇಕೆಂದು ಸುಮ್ಮನಾಗಿದ್ದೆವು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರೆಂದು ನಾಲ್ಕು ದಶಕಗಳಿಂದ ವೇದಿಕೆಗಳ ಮೇಲೆ ಹೇಳುತ್ತ ಬಂದವರು ನಾವು. ಲಿಂಗವನ್ನು ಅಂಗದಿಂದ ಅಗಲಿಸದೆ ಧರಿಸುವ ಭಕ್ತೆಗೆ ತಿಂಗಳಲ್ಲಿ ನಾಲ್ಕು ದಿನ ಮೈಲಿಗೆ ಬರುವುದಾದರೂ ಹೇಗೆ? ಈ ಒಂದು ಪ್ರಶ್ನೆಯನ್ನು ಅಂದು ಆ ಮಗುವಿನ ಮುಂದೆ ಗಟ್ಟಿಯಾಗಿ ಕೇಳಿದ್ದರೆ ಅವಳ ಎಷ್ಟು ಕಣ್ಣೀರು ಉಳಿಯುತ್ತಿತ್ತು! ನೀರಿನ ಲೆಕ್ಕ ಕೇಳುವ ಮೊದಲು ನಮ್ಮ ಮೌನದ ಲೆಕ್ಕವನ್ನು ನಾವು ಒಪ್ಪಿಸಬೇಕಾಗಿತ್ತು. ಅಂದು ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಪ್ಪು ನಮ್ಮದೆಂದು ಹೇಳಿ, ಅವಳೊಡನೆಯೇ ಲಿಂಗಪೂಜೆ ಮಾಡಿದೆವು.

ದೇಹದ ಧರ್ಮ

ಸೊಸೆಯು ಅವಳನ್ನು ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದಳು. ಅವರು ತಿಳಿಹೇಳಿದ್ದು ಎಲ್ಲ ತಂದೆತಾಯಿಗಳಿಗೂ ತಿಳಿದಿರತಕ್ಕದ್ದು. ಹರೆಯ ಬಂದಾಗ ಕಂಕುಳು ಮೊದಲಾದ ಕಡೆ ಅದುವರೆಗೆ ಸುಮ್ಮನಿದ್ದ ಒಂದು ಬಗೆಯ ಬೆವರುಗ್ರಂಥಿಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳ ಸ್ರಾವಕ್ಕೆ ತನ್ನಷ್ಟಕ್ಕೆ ವಾಸನೆಯಿಲ್ಲ. ಚರ್ಮದ ಮೇಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಇದು ಬೆಳವಣಿಗೆಯ ಲಕ್ಷಣ, ಕೊಳಕಲ್ಲ. ಆಯಾ ಭಾಗಗಳನ್ನು ಸಾಬೂನಿನಿಂದ ತೊಳೆದು, ಚೆನ್ನಾಗಿ ಒರೆಸಿ, ಒಗೆದ ಹತ್ತಿಯ ಬಟ್ಟೆ ತೊಟ್ಟರೆ ಸಾಕು. ಇದಕ್ಕೆ ಐದರಿಂದ ಹತ್ತು ನಿಮಿಷ ಧಾರಾಳ. ಬಿಸಿನೀರಿನಲ್ಲಿ ಬಹಳ ಹೊತ್ತು ನಿಂತರೆ ಚರ್ಮವನ್ನು ಕಾಯುವ ಎಣ್ಣೆಯಂಶ ಹೋಗಿ ಮೈ ಒಣಗಿ ತುರಿಸುತ್ತದೆ. ಹುಡುಗಿಯ ತೋಳುಗಳಲ್ಲಿ ಆಗಲೇ ಆ ತುರಿಕೆ ಕಾಣಿಸಿಕೊಂಡಿತ್ತು.

ಬಕೆಟ್ಟು ಮತ್ತು ಗಡಿಯಾರ

ಮನಸ್ಸಿನ ಭಾರ ಇಳಿದ ಮೇಲೆ ನೀರಿನ ಭಾರದ ಮಾತು ಸುಲಭವಾಯಿತು. ಬೈಯುವುದರ ಬದಲು ಅಳೆಯುವ ಕಾಯಕವನ್ನು ಅವಳಿಗೇ ಒಪ್ಪಿಸಿದೆವು. ಷವರಿನ ಕೆಳಗೆ 20 ಲೀಟರಿನ ಬಕೆಟ್ಟು ಇಟ್ಟು ಗಡಿಯಾರ ನೋಡಿದಳು. ಎರಡೂವರೆ ನಿಮಿಷಕ್ಕೆ ತುಂಬಿತು. ನಿಮಿಷಕ್ಕೆ 8 ಲೀಟರ್. ಒಂದೊಂದು ಜಳಕದಲ್ಲಿ ಹತ್ತೇ ನಿಮಿಷ ನೀರು ಹರಿದರೂ ಎರಡು ಹೊತ್ತಿಗೆ 160 ಲೀಟರ್, ಎಂದರೆ ಎಂಟು ಬಕೆಟ್ಟು, 160 ಕಿಲೋ ತೂಕ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನದ ಎಲ್ಲ ಬಳಕೆಗೂ ಸೇರಿಸಿ ಗೊತ್ತುಮಾಡಿದ ಪ್ರಮಾಣ 55 ಲೀಟರ್.

ವಿದ್ಯುತ್ತಿನ ಲೆಕ್ಕವನ್ನೂ ತನ್ನ ವಿಜ್ಞಾನದ ಪುಸ್ತಕ ಹಿಡಿದು ತಾನೇ ಮಾಡಿದಳು. ಒಂದು ಯೂನಿಟ್ ವಿದ್ಯುತ್ತು 860 ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಕಾಯಿಸಬಲ್ಲದು. 25 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಲು ಒಂದು ಬಕೆಟ್ಟಿಗೆ ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. 160 ಲೀಟರಿಗೆ 2.8 ಯೂನಿಟ್. ತಿಂಗಳಿಗೆ ಇದು 84 ಯೂನಿಟ್. ದಿನಕ್ಕೊಂದು ಬಕೆಟ್ಟಿನಲ್ಲಿ ಮಿಂದರೆ ಹತ್ತೂವರೆ. ಏರಿದ ಬಿಲ್ಲಿನ ಗುಟ್ಟು ರಟ್ಟಾಯಿತು. ನಾಲ್ಕು ದಿನದ ಬೈಗುಳ ಮಾಡಲಾರದ್ದನ್ನು ಅರ್ಧ ಹಾಳೆಯ ಲೆಕ್ಕ ಮಾಡಿತು.

ಬಾವಿಯಿಂದ ಸೇದುವವನಿಗೆ ನೀರಿನ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ರಟ್ಟೆಯೇ ಹೇಳುತ್ತದೆ. ನಳ ತಿರುವಿದ ಕೈಗೆ ಆ ಅರಿವು ಬರದು. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ನೀರನ್ನು ಮೇಲೆತ್ತಿ ತರಬೇಕು; ಬೆಂಗಳೂರಿಗೆ ಕಾವೇರಿಯ ನೀರು ಬರುವುದು ನೂರು ಕಿಲೋಮೀಟರಿನಷ್ಟು ದೂರದಿಂದ. 2024ರ ಬೇಸಿಗೆಯಲ್ಲಿ ಆ ಮಹಾನಗರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5000 ರೂಪಾಯಿ ದಂಡ ವಿಧಿಸುವ ಸ್ಥಿತಿ ಬಂದಿತ್ತು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ತೋಡಿಸುವುದನ್ನು ಶಿವನ ಸೇವೆಯೆಂದು ಬಗೆದರು. ಕೆರೆ ಕಟ್ಟಿಸಲಾಗದ ನಮ್ಮಂಥವರಿಗೆ ಉಳಿಸಿದ ಒಂದು ಬಕೆಟ್ಟೇ ದಾಸೋಹ. ಅದು ಓಣಿಯ ಕಡೆಯ ಮನೆಯ ನಳಕ್ಕೆ ತಲುಪುತ್ತದೆ.

ಗೃಹಸ್ಥರಲ್ಲಿ ಕೆಲವು ಬಿನ್ನಹಗಳು

ಬೇರೆ ಮನೆಗಳಲ್ಲಿ ಕಾರಣ ಬೇರೆಯಿರಬಹುದು. ಮೂರು ಕೋಣೆಗಳಲ್ಲಿ ಆರು ಮಂದಿ ಇರುವ ಮನೆಯಲ್ಲಿ ಹರೆಯದ ಮಗುವಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಬಚ್ಚಲಿನದೊಂದೇ. ಅಳುವುದಕ್ಕೂ, ಕನ್ನಡಿ ನೋಡಿಕೊಳ್ಳುವುದಕ್ಕೂ, ಸುಮ್ಮನೆ ಒಬ್ಬರೇ ಇರುವುದಕ್ಕೂ ಅದೇ ಸ್ಥಳ. ಗಂಡುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಏಕಾಂತಕ್ಕೆ ಬೇರೊಂದು ಮೂಲೆ ದೊರೆತರೆ ನೀರಿನ ಸದ್ದು ತಾನಾಗಿಯೇ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಹಳೆಯ ಸಾಮಾನು ತುಂಬಿದ್ದ ಸಣ್ಣ ಕೋಣೆಯನ್ನು ಬರಿದುಮಾಡಿ, ಒಂದು ಮೇಜು ಹಾಕಿ, ಬಾಗಿಲಿಗೆ ಒಳಚಿಲಕ ಹಚ್ಚಿಸಿದೆವು.

ಮಗುವಿನ ಸ್ನಾನದ ಮಾತನ್ನು ಅತಿಥಿಗಳ ಮುಂದೆ, ಊಟದ ಪಂಕ್ತಿಯಲ್ಲಿ ಎತ್ತಬಾರದು. ಗೀಸರನ್ನು ಮೊದಲೇ ಹಚ್ಚಿ, ನೀರು ಕಾದ ಮೇಲೆ ಆರಿಸಿ ಒಳಗೆ ಹೋಗುವ ರೂಢಿ ಖರ್ಚಿಗೂ ಹಿತ, ಸುರಕ್ಷತೆಗೂ ಹಿತ.

ಅಡುಗೆಯ ಅನಿಲದಿಂದ ನಡೆಯುವ ಗೀಸರ್ ಬಚ್ಚಲೊಳಗೇ ಇದ್ದರೆ ಬಹು ಎಚ್ಚರ ಬೇಕು. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಿಂದವರು ಅರಿವು ತಪ್ಪಿ ಪ್ರಾಣ ಕಳೆದುಕೊಂಡ ಪ್ರಸಂಗಗಳು ನಮ್ಮ ನಾಡಿನಲ್ಲಿ ಆಗಿವೆ. ಅಂಥ ಗೀಸರನ್ನು ಹೊರಗಿನ ಗಾಳಿಗೆ ಸ್ಥಳಾಂತರಿಸಬೇಕು. ಅಲ್ಲಿಯವರೆಗೆ ಬಾಗಿಲು ತಟ್ಟುವುದು ಜಿಪುಣತನವಲ್ಲ, ಪ್ರಾಣರಕ್ಷಣೆ.

ಇನ್ನೊಂದು ಮುಖ್ಯ ಸಂಗತಿ. ತಾಸುಗಟ್ಟಲೆ ಮೀಯುವುದು, ಕೈಯನ್ನು ಚರ್ಮ ಸುಲಿಯುವವರೆಗೆ ತೊಳೆಯುವುದು, ತಡೆದರೆ ತೀವ್ರ ಕಳವಳಪಡುವುದು ಕಂಡುಬಂದರೆ ಅದು ಹಟವೆಂದು ಬಗೆಯದಿರಿ. ಗೀಳು ರೋಗವೆಂಬ ಮನೋವ್ಯಾಧಿ ಬಹಳ ಸಲ ಇದೇ ವಯಸ್ಸಿನಲ್ಲಿ ತಲೆಯೆತ್ತುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ನಮ್ಮ ಮನೆಯ ಕಥೆಯನ್ನು ಮುಗಿಸಬೇಕು. ಮಗನು ತಾನು ಗುಂಡಿ ಆರಿಸಿದ್ದು ತಪ್ಪಾಯಿತೆಂದು ಮಗಳಿಗೆ ತಾನಾಗಿಯೇ ಹೇಳಿದ. ಹಾಗೆ ಹೇಳುವುದರಿಂದ ತಂದೆಯ ಗೌರವ ಕುಗ್ಗಲಿಲ್ಲ. ಆ ರಾತ್ರಿ ಅವಳೇ ಅವನಿಗೆ ರೊಟ್ಟಿ ಬಡಿಸಿದಳು. ಈಗ ಬೆಳಿಗ್ಗೆ ಒಂದು ಬಕೆಟ್ಟು, ಆಟವಾಡಿ ಬಂದ ದಿನ ಸಂಜೆಗೊಂದು ಅರ್ಧ. ಮೀಟರಿನ ಅಂಕಿಗಳನ್ನು ಗುರುತು ಹಾಕುವ ಕೆಲಸ ಅವಳದೇ. ಮರುತಿಂಗಳು ಬಳಕೆ 160ರೊಳಗೆ ಇಳಿಯಿತು. ರವಿವಾರ ಮಾತ್ರ ಅಜ್ಜಿ ಎಣ್ಣೆ ಹಚ್ಚಿ, ಸೀಗೆಪುಡಿ ಕೊಟ್ಟು ಕಳಿಸುತ್ತಾರೆ. ಅಂದು ಅವಳು ಬಹಳ ಹೊತ್ತು ಹೊರಗೆ ಬರುವುದಿಲ್ಲ. ಒಳಗಿನಿಂದ ಸಣ್ಣ ಹಾಡೂ ಕೇಳಿಬರುತ್ತದೆ. ಅಂದು ನಾವಾರೂ ಬಾಗಿಲು ತಟ್ಟುವುದಿಲ್ಲ.