ಹೆಸರಿಲ್ಲದ ಗಿಡ ಅಂಗಳದಲ್ಲಿ ಬೇಡ

ಮದುವೆ, ಉಪನಯನ, ಪೂಜೆ ಅಂತ ಯಾವ ಮನೆಗೆ ಹೋದರೂ ಊಟಕ್ಕೆ ಎಲೆ ಹಾಕುವ ಮೊದಲು ಆ ಮನೆಯ ಅಂಗಳಕ್ಕೊಂದು ಸುತ್ತು ಬರುವುದು ನನ್ನ ಹಳೇ ಚಾಳಿ. ಚೆಂದದ ಗಿಡ ಕಂಡರೆ "ಒಂದು ತುಂಡು ಕೊಡಿ ಅಕ್ಕಾ" ಅಂತ ಕೇಳಲು ನಾಚಿಕೆಯಿಲ್ಲ. ಹೀಗೆ ಮೂವತ್ತು ವರ್ಷದಲ್ಲಿ ನಮ್ಮ ಅಂಗಳದ ಬದಿ, ತೆಂಗಿನ ಬುಡ, ಬಚ್ಚಲು ನೀರು ಹರಿಯುವ ಜಾಗ ಎಲ್ಲ ಸೇರಿ ಅರುವತ್ತಕ್ಕೂ ಮಿಕ್ಕಿ ಜಾತಿಯ ಗಿಡಗಳಾಗಿವೆ. ಹೆಚ್ಚಿನವು ಹೊರದೇಶದ ಮೂಲದವು. ದೊಡ್ಡ ಎಲೆ, ಗಾಢ ಬಣ್ಣ, ಕಾಡು ಮನೆಯೊಳಗೆ ಬಂದ ಹಾಗೆ ಕಾಣುವಂಥವು.

ಇವಕ್ಕೆಲ್ಲ ನಮ್ಮ ಮನೆಯಲ್ಲಿ ಹೆಸರಿತ್ತು. ಪುತ್ತೂರಿನಿಂದ ಬಂದದ್ದು 'ಪುತ್ತೂರು ಗಿಡ', ಚಿಕ್ಕಮ್ಮ ಕೊಟ್ಟದ್ದು 'ಚಿಕ್ಕಮ್ಮನ ಬಾಳೆ', ಆಸ್ಪತ್ರೆಯ ಎದುರಿನ ಚಟ್ಟಿಯಿಂದ ಮುರಿದು ತಂದದ್ದು 'ಆಸ್ಪತ್ರೆ ಕೆಸು'. ಕೊಟ್ಟವರ ನೆನಪಿಗೆ ಈ ಹೆಸರುಗಳು ಸಾಕು. ಗಿಡದ ಗುಣ ತಿಳಿಯಲು ಸಾಲದು. ಇದು ನನಗೆ ಗೊತ್ತಾದದ್ದು 2019ರ ಬೇಸಿಗೆಯಲ್ಲಿ.

ಕಬ್ಬು ಎಂದು ಕಚ್ಚಿದ

ಮಗಳು ರಜೆಗೆ ಬಂದಿದ್ದಳು. ಮೊಮ್ಮಗನಿಗೆ ಆಗ ಮೂರು ವರ್ಷ. ಆ ವಾರ ಅಜ್ಜ ಪೇಟೆಯಿಂದ ಕಬ್ಬು ತಂದು ಸಿಪ್ಪೆ ಕೆತ್ತಿ ಕೊಟ್ಟಿದ್ದರು. ಮರುದಿನ ನಾನು ಅಂಗಳದ 'ಪುತ್ತೂರು ಗಿಡ' ಎತ್ತರ ಬಂತೆಂದು ತುಂಡು ಮಾಡುತ್ತಿದ್ದೆ. ಹೆಬ್ಬೆರಳಿಗಿಂತ ದಪ್ಪ ದಂಟು, ಗೇಣುದ್ದದೊಳಗೆ ನಾಲ್ಕೈದು ಗಂಟು, ಹಸಿರು ಬಣ್ಣ. ಒಳಗೆ ಫೋನು ಬಡಿಯಿತು. ಹೋಗಿ ಬರುವಷ್ಟರಲ್ಲಿ ಮಗು ಒಂದು ತುಂಡನ್ನು ಕಚ್ಚಿಯಾಗಿತ್ತು. ಅವನಿಗೆ ಅದು ಕಬ್ಬು.

ಕಿರುಚಿದ್ದು ಒಂದೇ ಸಲ. ಆಮೇಲೆ ಸ್ವರವೇ ಹೊರಡಲಿಲ್ಲ. ಜೊಲ್ಲು ಸುರಿಯುತ್ತದೆ, ತುಟಿ ದಪ್ಪ ಆಗುತ್ತದೆ, ನಾಲಗೆ ಬಾಯೊಳಗೆ ಹಿಡಿಸುವುದಿಲ್ಲ. ಬಾಯಿ ತೊಳೆಸಿ ಜೀಪು ಹತ್ತಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ:

"ಎಂತ ಗಿಡ ಅಮ್ಮ ಅದು?"

"ಪುತ್ತೂರು ಗಿಡ ಡಾಕ್ಟ್ರೇ."

ಅವರು ನನ್ನ ಮುಖ ನೋಡಿದರು. ಆ ನೋಟ ನಾನು ಈಗಲೂ ಮರೆತಿಲ್ಲ. "ಎಲೆ ಹೇಗಿದೆ? ಹಾಲು ಬರುತ್ತದಾ? ಕಾಯಿ ಉಂಟಾ?" ಮೂವತ್ತು ವರ್ಷ ನೀರು ಹಾಕಿದವಳಿಗೆ ಸರಿಯಾಗಿ ಹೇಳಲು ಬರಲಿಲ್ಲ. ಕಡೆಗೆ ನಮ್ಮವರು ಮನೆಗೆ ವಾಪಸು ಹೋಗಿ ಎಲೆ ಸಮೇತ ದಂಟು ತಂದರು. ನೋಡಿದ ಕೂಡಲೇ ಡಾಕ್ಟರು ಹೇಳಿದರು, "ಡೈಫೆನ್‌ಬೇಕಿಯ. ಉಸಿರಾಟ ಸರಿ ಇದೆ, ಹೆದರಬೇಡಿ. ರಾತ್ರಿ ಇಲ್ಲೇ ಇರಲಿ." ಮರುದಿನ ಸಂಜೆಗೆ ಬಾವು ಇಳಿಯಿತು, ಸ್ವರವೂ ಬಂತು.

ಅಳಿಯ ಒಂದೇ ಮಾತು ಹೇಳಿದರು, "ಅತ್ತೆ, ಆ ಕಾಡನ್ನೆಲ್ಲ ಕಿತ್ತು ಹಾಕಿ." ಅವರದು ತಪ್ಪಲ್ಲ. ಆದರೆ ಕಿತ್ತು ಹಾಕುವುದಿದ್ದರೂ ಯಾವುದನ್ನು ಕೀಳಬೇಕು ಅಂತ ಗೊತ್ತಿರಬೇಕಲ್ಲ? ಅಂದಿನಿಂದ ಒಂದೊಂದೇ ಗಿಡದ ಹೆಸರು ಹುಡುಕಲು ಹೊರಟೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಸುವಿನ ಬಳಗ

ಡೈಫೆನ್‌ಬೇಕಿಯ ನಮ್ಮ ಪತ್ರೊಡೆ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದೇ. ಮೂಲ ಅಮೆರಿಕದ ಉಷ್ಣಪ್ರದೇಶ. ಹಸಿರು ಎಲೆಯ ಮೇಲೆ ಬಿಳಿ ಅಥವಾ ಕೆನೆ ಬಣ್ಣದ ಚುಕ್ಕೆ, ಗಂಟುಗಂಟಿನ ದಪ್ಪ ದಂಟು ಇದರ ಗುರುತು. ಇಂಗ್ಲಿಷಿನವರು ಇಟ್ಟ ಹೆಸರು 'ಡಂಬ್ ಕೇನ್', ಅಂದರೆ ಮೂಕನಾಗಿಸುವ ಕಬ್ಬು. ನಮ್ಮ ಮಗು ಮಾಡಿದ ತಪ್ಪು ಹಿಂದೆಯೂ ಎಷ್ಟೋ ಜನ ಮಾಡಿರಬೇಕು.

ಇದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕಚ್ಚಿದರೆ ಅವು ಬಾಯಿಯ ಮಾಂಸಕ್ಕೆ ಚುಚ್ಚಿಕೊಳ್ಳುತ್ತವೆ. ಕೆಸು, ಸುವರ್ಣಗೆಡ್ಡೆ ಕೆರೆಯುವುದೂ ಇದೇ ಹರಳಿನಿಂದ. ಅದಕ್ಕೇ ನಾವು ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ಹಾಗೆಂದು ಚೆಂದಕ್ಕೆ ಬೆಳೆಸುವ ಕೆಸುಗಳನ್ನು ಹುಳಿ ಹಾಕಿದರೂ ಅಡುಗೆಗೆ ಬಳಸುವಂತಿಲ್ಲ.

ಈ ಬಳಗದವರನ್ನು ಗುರುತಿಸಲು ಹೂವು ನೋಡಿ. ಮಧ್ಯೆ ಬೆರಳಿನಂಥ ಒಂದು ಕಡ್ಡಿ, ಅದರ ಹಿಂದೆ ಅಥವಾ ಸುತ್ತ ಒಂದೇ ಎಸಳು. ಆಂತೂರಿಯಂನಲ್ಲಿ ಆ ಎಸಳು ಕೆಂಪಾಗಿ ಹೊಳೆಯುತ್ತದೆ. ನಿಜವಾದ ಹೂಗಳು ಕಡ್ಡಿಯ ಮೇಲಿರುವ ಸಣ್ಣ ಸಣ್ಣ ಚುಕ್ಕಿಗಳು. ಬಣ್ಣದೆಲೆಯ ಕೆಲೇಡಿಯಂ, ತೂತು ಎಲೆಯ ಮಾನ್‌ಸ್ಟೆರ, ಆನೆಕಿವಿಯಂಥ ಅಲೊಕೇಸಿಯ, ಫಿಲೊಡೆಂಡ್ರಾನ್, ಅಗ್ಲೊನೀಮ, ಮನಿಪ್ಲಾಂಟ್ ಎಲ್ಲ ಇದೇ ಕುಟುಂಬ. ಎಲ್ಲದರಲ್ಲೂ ಈ ಹರಳು ಹೆಚ್ಚು ಕಡಿಮೆ ಇದೆ.

ನಾನು ಇವನ್ನು ಕಿತ್ತು ಬಿಸಾಡಲಿಲ್ಲ. ಡೈಫೆನ್‌ಬೇಕಿಯವನ್ನು ಮಾತ್ರ ಅಂಗಳದಿಂದ ತೆಗೆದೆ. ಉಳಿದವು ಈಗ ಮಕ್ಕಳ ಕೈಗೆಟುಕದ ಕಟ್ಟೆಯಾಚೆ ಇವೆ. ಕತ್ತರಿಸುವಾಗ ಕೈಚೀಲ ಹಾಕಿಕೊಳ್ಳುತ್ತೇನೆ. ಕತ್ತರಿಸಿದ್ದನ್ನು ಅಲ್ಲೇ ಬಿಟ್ಟು ಒಳಗೆ ಹೋಗುವುದಿಲ್ಲ, ಹಟ್ಟಿಯ ಹತ್ತಿರವೂ ಹಾಕುವುದಿಲ್ಲ. ಕರು, ಆಡುಗಳಿಗೂ ಬಾಯಿ ಅಂದರೆ ಬಾಯಿಯೇ.

ಯಾರಾದರೂ ಕಚ್ಚಿದರೆ ಬಾಯಲ್ಲಿರುವ ಚೂರು ತೆಗೆಯಿರಿ. ತಣ್ಣೀರಿನಲ್ಲಿ ಬಾಯಿ ತೊಳೆಸಿ. ನುಂಗಲು ಆಗುವುದಾದರೆ ಸ್ವಲ್ಪ ತಣ್ಣನೆ ಹಾಲು ಕೊಡಬಹುದು. ವಾಂತಿ ಮಾಡಿಸಲು ಹೋಗಬೇಡಿ. ಕಣ್ಣಿಗೆ ರಸ ಹಾರಿದರೆ ಕಾಲು ಗಂಟೆ ನೀರಿನಲ್ಲಿ ತೊಳೆಯಿರಿ. ಡಾಕ್ಟರಲ್ಲಿಗೆ ಹೋಗುವಾಗ ಗಿಡದ ತುಂಡು ಜೊತೆಗಿರಲಿ. ಬಾಯಿ ಬಾತು ಉಸಿರು ಕಟ್ಟುವ ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯಬೇಡಿ.

ಬಾಳೆಯ ಬಳಗ

'ಚಿಕ್ಕಮ್ಮನ ಬಾಳೆ' ಎಂದು ನಾವು ಕರೆಯುತ್ತಿದ್ದದ್ದು ಹೆಲಿಕೋನಿಯ. ಕೆಂಪು ದೋಣಿಗಳನ್ನು ಪೋಣಿಸಿದ ಮಾಲೆಯ ಹಾಗೆ ಕೆಳಗೆ ಜೋತು ಬೀಳುವ ಹೂ, ತುದಿಯಲ್ಲಿ ಹಳದಿ. ಇದು ದಕ್ಷಿಣ ಅಮೆರಿಕದ್ದು. ಚಿಕ್ಕಮ್ಮ ಬಾಳೆ ಎಂದದ್ದು ಪೂರಾ ತಪ್ಪಲ್ಲ. ಬಾಳೆ, ಹೆಲಿಕೋನಿಯ, ಶುಂಠಿ, ಅರಸಿನ, ನಾವು ಕಾಬಾಳೆ ಎನ್ನುವ ಕ್ಯಾನಾ ಎಲ್ಲವೂ ಒಂದೇ ದೊಡ್ಡ ಬಳಗ. ಈ ಬಳಗದಲ್ಲಿ ಒಟ್ಟು 8 ಕುಟುಂಬಗಳಿವೆ. ಎಲೆಗೆ ನಡುವೆ ದಪ್ಪ ದಿಂಡು, ಅದರಿಂದ ಅಂಚಿಗೆ ಓಡುವ ಸಾಲು ಸಾಲು ನರ. ಇಷ್ಟು ಕಂಡರೆ ಬಳಗ ಯಾವುದೆಂದು ಗೊತ್ತಾಯಿತು. ಮುಂದಿನದಕ್ಕೆ ಕೈ, ಮೂಗು, ಕಣ್ಣು ಮೂರೂ ಬೇಕು.

ಎಲೆ ಹಿಸುಕಿ ಮೂಸಿ. ಘಮ ಇದ್ದರೆ ಶುಂಠಿಯ ಕುಟುಂಬ. ಕೆಂಪು ತೆನೆಯ ಆಲ್ಪೀನಿಯ, ನೆಲದಿಂದ ಎದ್ದ ಪಂಜಿನಂಥ ಹೂವಿನ ಟಾರ್ಚ್ ಜಿಂಜರ್ ಇಲ್ಲಿಗೆ ಸೇರುತ್ತವೆ.

ಘಮ ಇಲ್ಲ, ಎಲೆಗಳು ದಂಟಿನ ಸುತ್ತ ಸುರುಳಿ ಮೆಟ್ಟಲಿನ ಹಾಗೆ ಏರುತ್ತವೆ ಎಂದಾದರೆ ಅದು ಕಾಸ್ಟಸ್.

ಘಮ ಇಲ್ಲ, ಎಲೆಗಳು ಎಡ-ಬಲ ಎರಡೇ ಸಾಲು, ಹೂಗೊನೆಯಲ್ಲಿ ಬಣ್ಣದ ದೋಣಿಗಳು ಆಚೆ ಈಚೆ ಇದ್ದರೆ ಹೆಲಿಕೋನಿಯ. ದೋಣಿ ಹೂವಲ್ಲ. ಹೂವು ಅದರೊಳಗೆ ಅಡಗಿದೆ.

ಒಂದೇ ದೋಣಿ, ಅದರಿಂದ ಕಿತ್ತಳೆ ಎಸಳು, ನೀಲಿ ನಾಲಗೆ ಮೇಲಕ್ಕೆದ್ದು ಹಕ್ಕಿಯ ಜುಟ್ಟಿನ ಹಾಗಿದ್ದರೆ ಸ್ಟ್ರೆಲಿಟ್ಜಿಯ. ಇದು ದಕ್ಷಿಣ ಆಫ್ರಿಕದ್ದು. ಹೆಲಿಕೋನಿಯವನ್ನೂ ಇದರ 'ಬರ್ಡ್ ಆಫ್ ಪ್ಯಾರಡೈಸ್' ಹೆಸರಿನಲ್ಲಿ ಮಾರುವವರಿದ್ದಾರೆ. ಎರಡರ ಸಾಕಣೆ ಬೇರೆ ಬೇರೆ, ಹಾಗಾಗಿ ಕೊಳ್ಳುವ ಮೊದಲು ಹೂ ನೋಡಿ.

ಮೃದುವಾದ ತೆಳು ಎಸಳಿನ ಹೂ, ಮುಳ್ಳು ಮುಳ್ಳಾದ ಕಾಯಿ, ಒಳಗೆ ಗುಂಡಿನಂಥ ಕರಿ ಬೀಜ ಇದ್ದರೆ ಕ್ಯಾನಾ.

ಬೀಸಣಿಗೆ ಬಿಚ್ಚಿದ ಹಾಗೆ ಎಲೆ ಹರಡಿ ಮರವೇ ಆಗಿ ಬೆಳೆಯುವುದು ಮಡಗಾಸ್ಕರಿನ ರವೆನಾಲ. ಸಣ್ಣ ಅಂಗಳಕ್ಕೆ ಇದು ಬೇಡ.

ಹೆಲಿಕೋನಿಯ ಬೆಳೆಸುವ ಕ್ರಮ

ಅಡಿಕೆ, ತೆಂಗು ಇರುವ ನಮ್ಮಂಥವರಿಗೆ ಇದು ಒಗ್ಗುವ ಗಿಡ. ಜೋತುಬೀಳುವ ಜಾತಿಗೆ ತೆಂಗಿನ ಅರೆನೆರಳು ಸಾಕು. ಮೊಣಕಾಲೆತ್ತರದ 'ಗಿಳಿ' ಜಾತಿಗೆ ಬಿಸಿಲು ಬೇಕು. ಮೇ ಕೊನೆಯಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ, ಗೆಡ್ಡೆಯ ತುಂಡನ್ನು ಒಂದು ದಂಟು ಸಮೇತ ನೆಡಬೇಕು. ದಂಟನ್ನು ಒಂದಡಿಗೆ ಕತ್ತರಿಸಿದರೆ ಆಯಿತು. ಮೂರಡಿ ಅಂತರ ಕೊಡಿ. ಹಟ್ಟಿಗೊಬ್ಬರ, ಮೇಲಿಂದ ತರಗೆಲೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಒಣಗಲು ಬಿಡಬಾರದು. ನಮ್ಮಲ್ಲಿ ಎರಡನೇ ವರ್ಷಕ್ಕೆ ಚೆನ್ನಾಗಿ ಹೂ ಬಂತು.

ಬಾಳೆಯ ಹಾಗೆ ಒಂದು ದಂಟು ಒಂದೇ ಸಲ ಹೂ ಬಿಡುವುದು. ಹೂ ಮುಗಿದ ದಂಟನ್ನು ಬುಡದಲ್ಲೇ ಕಡಿಯಿರಿ, ಹೊಸ ಕಂದಿಗೆ ಜಾಗ ಆಗುತ್ತದೆ. ಬದಿಗೆ ಹರಿದು ಬರುವ ಗೆಡ್ಡೆಯನ್ನು ವರ್ಷಕ್ಕೊಮ್ಮೆ ಗುದ್ದಲಿಯಲ್ಲಿ ತುಂಡು ಮಾಡದಿದ್ದರೆ ತೆಂಗಿನ ಕಟ್ಟೆಯೆಲ್ಲ ಅದರದ್ದೇ.

ತೋಟಕ್ಕೆ ಇಳಿದ ಬಳ್ಳಿ

ಹೆಸರು ಗೊತ್ತಿಲ್ಲದ್ದಕ್ಕೆ ಇನ್ನೊಂದು ಸಲವೂ ದಂಡ ತೆತ್ತಿದ್ದೇನೆ. 2008ರಲ್ಲಿ ಅಂಗಳದ ಕೆಳಗಿನ ಧರೆ ಜರಿಯದಿರಲಿ ಎಂದು ಒಂದು ಬಳ್ಳಿ ನೆಟ್ಟೆ. ಹೊಳೆಯುವ ಎಲೆ, ಹೆಚ್ಚಿನವಕ್ಕೆ ಮೂರು ಕವಲು, ಸಣ್ಣ ಸೂರ್ಯಕಾಂತಿಯಂಥ ಹಳದಿ ಹೂ. ವರ್ಷದಲ್ಲಿ ಧರೆ ಮುಚ್ಚಿತು. ಬಂದವರೆಲ್ಲ ಹೊಗಳಿದರು. ಮೂರು ವರ್ಷದಲ್ಲಿ ಅದು ತೋಡಿನ ಬದಿ ಹಿಡಿದು ಅಡಿಕೆ ತೋಟಕ್ಕೆ ಇಳಿಯಿತು. ಹೆಕ್ಕುವವರಿಗೆ ಉದುರಿದ ಅಡಿಕೆ ಕಾಣದು. ದನ ಮೂಸಿಯೂ ನೋಡದು.

ಅದು ವೆಡೇಲಿಯ. ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯದು. ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ಪ್ರತಿ ಗಂಟಿನಲ್ಲಿ ಬೇರು ಬರುವ ಕಾರಣ ಕತ್ತಿಯಲ್ಲಿ ಕೊಚ್ಚಿದರೆ ಒಂದು ನೂರಾಗುತ್ತದೆ. ನಾವು ಬೇಸಿಗೆಯಲ್ಲಿ ಕೈಯಲ್ಲೇ ಎಳೆದು, ಬಂಡೆಯ ಮೇಲೆ ಪೂರ್ತಿ ಒಣಗಿಸಿದ ಮೇಲಷ್ಟೇ ಗೊಬ್ಬರಗುಂಡಿಗೆ ಹಾಕಿದೆವು. ಮುಗಿಯಲು ಎರಡು ಬೇಸಿಗೆ ಬೇಕಾಯಿತು. ಲಂಟಾನವೂ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಚೆಂದಕ್ಕೆಂದು ಬಂದದ್ದೇ. ಇಂದು ಅದು ಇಲ್ಲದ ಗುಡ್ಡ ತೋರಿಸಿ ನೋಡೋಣ!

ಹೊರದೇಶದ್ದೆಲ್ಲ ಕೆಟ್ಟದೆಂದು ನಾನು ಹೇಳುವುದಿಲ್ಲ. ಮೆಣಸಿನಕಾಯಿ, ಗೇರು, ಪಪ್ಪಾಯಿ, ದೇವರಿಗೆ ಮುಡಿಸುವ ಚೆಂಡುಹೂ, ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಅವುಗಳ ಗುಣ ನಮಗೆ ಗೊತ್ತಿದೆ, ಹಾಗಾಗಿ ಅವು ನಮ್ಮವಾದವು. ಅಂಗಳಕ್ಕೆ ಹೊಸದಾಗಿ ಬಂದದ್ದರ ಗುಣವನ್ನೂ ಹಾಗೇ ತಿಳಿಯಬೇಕು.

ಹೆಸರು ಹುಡುಕುವುದು, ಬರೆದಿಡುವುದು

ಈಗ ಮೊಬೈಲಿನಲ್ಲಿ ಫೋಟೋ ಹಾಕಿದರೆ ಗಿಡದ ಹೆಸರು ಬರುತ್ತದೆ. ನಾನೂ ಬಳಸುತ್ತೇನೆ. ಆದರೆ ಬರೇ ಎಲೆಯ ಫೋಟೋ ಹಾಕಿದಾಗ ನನ್ನ ಒಂದೇ ಕಾಸ್ಟಸ್ಸಿಗೆ ಮೂರು ದಿನ ಮೂರು ಹೆಸರು ಬಂತು! ಹೂವಿನದ್ದು ಹಾಕಿದ ಮೇಲೆ ಸರಿಯಾಯಿತು. ಹೂ, ಎಲೆಯ ಹಿಂಬದಿ, ದಂಟು, ಕಾಯಿ ನಾಲ್ಕನ್ನೂ ತೆಗೆಯಿರಿ. ಬಂದ ಹೆಸರನ್ನು ತಿಳಿದವರಲ್ಲಿ ಇನ್ನೊಮ್ಮೆ ಕೇಳಿ. ತಿನ್ನುವ ವಿಷಯದಲ್ಲಂತೂ ಮೊಬೈಲಿನ ಮಾತನ್ನು ನಂಬಲೇಬೇಡಿ. ಮುರಿದಾಗ ಹಾಲು ಬಂದರೆ ತಿಳಿಯುವವರೆಗೆ ಮಕ್ಕಳಿಂದ ದೂರವಿಡಿ. ಬೇಲಿ ಬದಿಯ ಹಳದಿ ಕಣಗಿಲೆಗೂ ಹಾಲಿದೆ, ಅದರ ಬೀಜ ಹೃದಯಕ್ಕೇ ವಿಷ.

ಕಾಗದದ ಚೀಟಿ ಮಳೆಗೆ ನಿಲ್ಲದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ ಎರಡು ಬೆರಳಗಲದ ಪಟ್ಟಿ ಮಾಡಿ. ಅಂಚು ಮಡಚಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರ ಅಚ್ಚಿಳಿಯುತ್ತದೆ. ನಮ್ಮಲ್ಲಿ ಐದು ಮಳೆಗಾಲ ಕಂಡ ಪಟ್ಟಿಗಳಿವೆ. ಗಿಡದ ಹೆಸರು, ಕೊಟ್ಟವರು ಯಾರು, ಯಾವ ವರ್ಷ ಎಂದು ಬರೆದಿದ್ದೇನೆ. ಅಪಾಯ ಇರುವುದಕ್ಕೆ ಕೆಂಪು ಬಣ್ಣದ ಒಂದು ಚುಕ್ಕೆ.

ಈಗ ನನ್ನಲ್ಲಿ ಯಾರಾದರೂ ತುಂಡು ಕೇಳಿದರೆ ಹೆಸರಿನ ಪಟ್ಟಿ ಕಟ್ಟಿಯೇ ಕೊಡುತ್ತೇನೆ. ಕೊಡುವಾಗ "ಇದು ಹರಡುತ್ತದೆ", "ಇದನ್ನು ಮಗು ಕಚ್ಚಬಾರದು" ಅಂತ ಹೇಳಿ ಕೊಡುವುದು ನಮ್ಮ ಕೆಲಸ. ಗಿಡ ಕೊಟ್ಟರೆ ಪುಣ್ಯ ಸರಿ, ಗುಣ ಹೇಳದೆ ಕೊಟ್ಟರೆ ಅರ್ಧ ಪುಣ್ಯ.

ಮೊಮ್ಮಗ ಈಗ ಶಾಲೆಗೆ ಹೋಗುವ ಹುಡುಗ. ಕಳೆದ ರಜೆಯಲ್ಲಿ ಬಂದವನು ಅಂಗಳ ಸುತ್ತಿ ಪಟ್ಟಿಗಳನ್ನೆಲ್ಲ ಗಟ್ಟಿಯಾಗಿ ಓದಿದ. ನಾಲ್ಕು ಗಿಡಗಳಿಗೆ ಪಟ್ಟಿ ಇರಲಿಲ್ಲ. "ಅಜ್ಜಿ, ಇದರ ಹೆಸರೆಂತ?" ಅಂತ ಕೇಳಿದ. ಆ ನಾಲ್ಕನ್ನು ಹುಡುಕುವ ಕೆಲಸ ಇನ್ನೂ ಬಾಕಿ ಉಂಟು.