ವಿದೇಶವಾಸಿಗಳ ಮರಣಪೂರ್ವ ಸಿದ್ಧತೆ

ವಿದೇಶವಾಸಿಗಳ ಮರಣಪೂರ್ವ ಸಿದ್ಧತೆ ಎಂದರೆ ಉದ್ಯೋಗ, ವ್ಯಾಪಾರ ಅಥವಾ ವ್ಯಾಸಂಗಕ್ಕಾಗಿ ಪರದೇಶದಲ್ಲಿ ನೆಲೆಸಿದ ವ್ಯಕ್ತಿಯು ತಾನು ಅಲ್ಲಿಯೇ ಮೃತನಾದರೆ ತನ್ನ ಅಂತ್ಯಸಂಸ್ಕಾರ, ಆಸ್ತಿ, ಸಾಲ, ಮಕ್ಕಳ ಪಾಲನೆ ಮುಂತಾದವುಗಳ ನಿರ್ವಹಣೆ ಹೇಗಾಗಬೇಕೆಂಬುದನ್ನು ಬದುಕಿರುವಾಗಲೇ ದಾಖಲೆಗಳ ಮೂಲಕ ನಿಶ್ಚಯಿಸಿಡುವ ಕ್ರಮ. ಊರಿನಲ್ಲಿ ಸಂಭವಿಸುವ ಸಾವಿಗೆ ಒಂದೇ ದೇಶದ ಕಾನೂನು ಅನ್ವಯಿಸುತ್ತದೆ. ವಿದೇಶದಲ್ಲಿ ಸಂಭವಿಸುವ ಸಾವಿಗೆ ಕನಿಷ್ಠ ಎರಡು ದೇಶಗಳ ಕಾನೂನುಗಳು ಏಕಕಾಲದಲ್ಲಿ ಅನ್ವಯಿಸುತ್ತವೆ. ಆ ಎರಡರ ನಡುವೆ ಮೃತನ ಇಚ್ಛೆಯನ್ನು ಸ್ಥಾಪಿಸಬಲ್ಲದ್ದು ಅವನು ಬರೆದಿಟ್ಟ ಕಾಗದಪತ್ರ ಮಾತ್ರ.

ಹಿನ್ನೆಲೆ

ಬೀದರ್ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಉದ್ಯೋಗಕ್ಕಾಗಿ ಹೈದರಾಬಾದಿಗೆ, ಅಲ್ಲಿಂದ ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ ಮೊದಲಾದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ದಾರಿ ಈ ಭಾಗದ ಜನರಿಗೆ ಪರಿಚಿತವಾದದ್ದು. ಬೀದರ್ ನಗರ, ಭಾಲ್ಕಿ, ಔರಾದ್ ಹಾಗೂ ಮಹಾರಾಷ್ಟ್ರದ ಗಡಿಗೆ ಸಮೀಪದ ಮೆಹಕರದಂತಹ ಗ್ರಾಮಗಳ ಕುಟುಂಬಗಳಿಗೆ ಇಂತಹ ಸಾವಿನ ವಾರ್ತೆ ಸಾಮಾನ್ಯವಾಗಿ ಸಹೋದ್ಯೋಗಿಯೊಬ್ಬನ ದೂರವಾಣಿ ಕರೆಯಾಗಿ ಬರುತ್ತದೆ. ಬೀದರ್ ವಿಮಾನ ನಿಲ್ದಾಣದಿಂದ 2020ರಲ್ಲಿ ಬೆಂಗಳೂರಿಗೆ ವಿಮಾನಯಾನ ಆರಂಭವಾಯಿತಾದರೂ ಅದು ಅಂತರರಾಷ್ಟ್ರೀಯ ನಿಲ್ದಾಣವಲ್ಲ. ಕೊಲ್ಲಿಯಿಂದ ತರುವ ಪಾರ್ಥಿವ ಶರೀರಕ್ಕೆ ಹತ್ತಿರದ ಅಂತರರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಅಲ್ಲಿಂದ ಜಹೀರಾಬಾದ್ ಮಾರ್ಗವಾಗಿ ಆಂಬುಲೆನ್ಸ್‌ನಲ್ಲಿ ಊರು ಸೇರಬೇಕಾಗುತ್ತದೆ.

ಕರ್ನಾಟಕದ ಸಾರ್ವಜನಿಕ ಸ್ಮೃತಿಯಲ್ಲಿ ಈ ವಿಷಯವನ್ನು ಮುಂದೆ ತಂದ ಘಟನೆಗಳು ಕೆಲವಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಮಂದಿ ಮೃತಪಟ್ಟರು. 2020ರಲ್ಲಿ ಕೊರೊನಾ ಕಾರಣದಿಂದ ವಿಮಾನ ಸಂಚಾರ ನಿಂತಾಗ ಕೊಲ್ಲಿಯಲ್ಲಿ ಮೃತರಾದ ಅನೇಕ ಭಾರತೀಯರ ಅಂತ್ಯಸಂಸ್ಕಾರ ಅಲ್ಲಿಯೇ ನಡೆಯಿತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹತನಾದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯ ದೇಹ ಬೆಂಗಳೂರು ತಲುಪಿದ್ದು ಮಾರ್ಚ್ 21ರಂದು.

ಮರಣಾನಂತರದ ಮೊದಲ ದಿನಗಳು

ದೇಹವನ್ನು ಭಾರತಕ್ಕೆ ಕಳುಹಿಸುವ ಮುನ್ನ ಆಸ್ಪತ್ರೆಯ ಮರಣ ವರದಿ, ಪೊಲೀಸರ ಅನುಮತಿ, ಸ್ಥಳೀಯ ಮರಣ ಪ್ರಮಾಣಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಹಾಗೂ ಶವಲೇಪನದ ಪ್ರಮಾಣಪತ್ರ ಬೇಕಾಗುತ್ತವೆ. ಭಾರತದ ವಿಮಾನ ನಿಲ್ದಾಣದಲ್ಲಿನ ಆರೋಗ್ಯಾಧಿಕಾರಿಗಳ ಅನುಮತಿಯೂ ಅಗತ್ಯ. ಇದನ್ನು ತ್ವರಿತಗೊಳಿಸಲು ಕೇಂದ್ರ ಆರೋಗ್ಯ ಮಂತ್ರಾಲಯ 2023ರ ಆಗಸ್ಟ್‌ನಲ್ಲಿ ಇ-ಕೇರ್ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ಆರಂಭಿಸಿತು. ಅಪಘಾತ, ಆತ್ಮಹತ್ಯೆ ಅಥವಾ ಸಂಶಯಾಸ್ಪದ ಮರಣವಾದರೆ ತನಿಖೆ ಮುಗಿಯುವವರೆಗೆ ದೇಹ ಹಸ್ತಾಂತರವಾಗುವುದಿಲ್ಲ.

ವಿಳಂಬಕ್ಕೆ ತನಿಖೆಯೊಂದೇ ಕಾರಣವಲ್ಲ. ದೇಹವನ್ನು ಯಾರಿಗೆ ಒಪ್ಪಿಸಬೇಕು, ಅಲ್ಲಿಯೇ ಸಂಸ್ಕಾರವೋ ಊರಿಗೆ ರವಾನೆಯೋ ಎಂಬ ಬಗ್ಗೆ ವಾರಸುದಾರರ ಲಿಖಿತ ಸಮ್ಮತಿಯನ್ನು ರಾಯಭಾರ ಕಚೇರಿ ಕೇಳುತ್ತದೆ. ಸಹೋದರರಲ್ಲಿ ಭಿನ್ನಾಭಿಪ್ರಾಯವಿದ್ದರೆ, ಅಥವಾ ಪತ್ನಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇಲ್ಲದೆ ವಿವಾಹವೂ ನೋಂದಣಿಯಾಗಿರದಿದ್ದರೆ, ದೇಹ ಶವಾಗಾರದಲ್ಲಿ ಉಳಿಯುತ್ತದೆ. ಆದ್ದರಿಂದ ವಿವಾಹ ನೋಂದಣಿ ಮತ್ತು ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರಿನ ಸೇರ್ಪಡೆಯನ್ನು ಮರಣಪೂರ್ವ ಸಿದ್ಧತೆಯ ಮೊದಲ ಹೆಜ್ಜೆಯೆಂದು ಪರಿಗಣಿಸುವುದು ಯುಕ್ತ. ಇದಕ್ಕೆ ವಕೀಲರ ನೆರವೂ ಹೆಚ್ಚಿನ ವೆಚ್ಚವೂ ಬೇಕಿಲ್ಲ.

ಮರಣದ ನೋಂದಣಿಯ ವಿಷಯದಲ್ಲಿ ಊರಿನ ಕುಟುಂಬಗಳು ಅಲೆದಾಡುವುದುಂಟು. ಮರಣ ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ಸಮಾಧಿ ಮೆಹಕರದಲ್ಲಿಯೇ ಆದರೂ ಅಲ್ಲಿನ ಗ್ರಾಮದ ನೋಂದಣಿ ಪುಸ್ತಕದಲ್ಲಿ ವಿದೇಶದ ಮರಣವನ್ನು ದಾಖಲಿಸಲಾಗುವುದಿಲ್ಲ. ಭಾರತೀಯ ನಾಗರಿಕನ ಮರಣವನ್ನು 1956ರ ನಿಯಮಗಳ ಅನ್ವಯ ಭಾರತೀಯ ಕಾನ್ಸುಲೇಟಿನಲ್ಲಿ ದಾಖಲಿಸಲಾಗುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ 20ನೆಯ ಪ್ರಕರಣವು ಅಂತಹ ನೋಂದಣಿಗೆ ಭಾರತದಲ್ಲಿಯೂ ಮಾನ್ಯತೆ ನೀಡುತ್ತದೆ.

ಅಂತ್ಯಸಂಸ್ಕಾರದ ಇಚ್ಛೆ

ಸೌದಿ ಅರೇಬಿಯದಲ್ಲಿ ಶವದಹನಕ್ಕೆ ಅವಕಾಶವಿಲ್ಲ. ಸಂಯುಕ್ತ ಅರಬ್ ಸಂಸ್ಥಾನ, ಒಮಾನ್ ಮತ್ತು ಬಹರೈನ್‌ಗಳಲ್ಲಿ ಹಿಂದೂ ದಹನಕ್ಕೆ ವ್ಯವಸ್ಥೆಯಿದೆ. ಮುಸ್ಲಿಂ ಕುಟುಂಬಗಳಲ್ಲಿ ದಫನ್ ಶೀಘ್ರವಾಗಿ ಆಗಬೇಕೆಂಬ ಧಾರ್ಮಿಕ ಅಪೇಕ್ಷೆಯಿರುವುದರಿಂದ ಮೃತನಾದ ನಾಡಿನಲ್ಲಿಯೇ ಮಣ್ಣು ಮಾಡಲು ಸಮ್ಮತಿಸುವವರು ಅನೇಕರು. ಹೆತ್ತ ತಾಯಿ ಕೊನೆಯ ಬಾರಿ ಮುಖ ನೋಡಬೇಕೆಂದು ಹಂಬಲಿಸುವಾಗ ಈ ನಿರ್ಧಾರ ಸುಲಭವಾಗಿರುವುದಿಲ್ಲ. ಮೃತನೇ ಬರೆದಿಟ್ಟ ಮಾತಿದ್ದರೆ ಆ ಹೊರೆ ಬೇರೆಯವರ ಮೇಲೆ ಬೀಳದು.

ಬೀದರ್ ಜಿಲ್ಲೆಯಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಲಿಂಗಾಯತರ ವಿಷಯ ಪ್ರತ್ಯೇಕವಾದುದು. ಲಿಂಗಾಯತ ಸಂಪ್ರದಾಯದಲ್ಲಿ ದೇಹವನ್ನು ದಹಿಸದೆ, ಕುಳಿತ ಭಂಗಿಯಲ್ಲಿ, ಇಷ್ಟಲಿಂಗಸಹಿತ ಸಮಾಧಿ ಮಾಡಲಾಗುತ್ತದೆ. ವಿದೇಶದ ನಮೂನೆಗಳಲ್ಲಿ ಧರ್ಮದ ಅಂಕಣದಲ್ಲಿ ಹಿಂದೂ ಎಂದಷ್ಟೇ ಇದ್ದರೆ, ಸ್ಥಳೀಯ ಸಂಸ್ಕಾರದ ಪ್ರಸಂಗ ಬಂದಾಗ ದಹನವನ್ನೇ ಊಹಿಸುವ ಸಂಭವವಿದೆ. ಶವಲೇಪನಗೊಂಡು ಪೆಟ್ಟಿಗೆಯಲ್ಲಿ ಮಲಗಿದ ಸ್ಥಿತಿಯಲ್ಲಿ ಬರುವ ದೇಹವನ್ನು ಕುಳ್ಳಿರಿಸುವುದೂ ಕಷ್ಟ. ಹೀಗಿರುವಾಗ ಸಮಾಧಿ ಎಂಬ ಒಂದು ಪದವನ್ನು, ಮಲಗಿಸಿ ಮಣ್ಣು ಮಾಡಲು ಒಪ್ಪಿಗೆಯಿದೆಯೇ ಇಲ್ಲವೇ ಎಂಬುದನ್ನು, ಸ್ಪಷ್ಟವಾಗಿ ಬರೆದಿಡಬೇಕಾಗುತ್ತದೆ. ಇದನ್ನು ಉಯಿಲಿನಲ್ಲಿ ಮಾತ್ರ ಬರೆದರೆ ಪ್ರಯೋಜನ ಕಡಿಮೆ. ಉಯಿಲನ್ನು ತೆರೆಯುವ ಹೊತ್ತಿಗೆ ಸಂಸ್ಕಾರ ಮುಗಿದಿರುತ್ತದೆ. ಪ್ರತ್ಯೇಕ ಪತ್ರವೊಂದನ್ನು ಮನೆಯವರಲ್ಲಿಯೂ ವಿದೇಶದ ನಂಬಿಕಸ್ಥ ಸ್ನೇಹಿತನಲ್ಲಿಯೂ ಇರಿಸುವುದು ಉಪಯುಕ್ತ ಕ್ರಮ.

ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನುಗಳ ಪ್ರಕಾರ ದೇಹವನ್ನು ಸಿದ್ಧಪಡಿಸಿ ಸ್ವದೇಶಕ್ಕೆ ಕಳುಹಿಸುವ ವೆಚ್ಚ ಉದ್ಯೋಗದಾತನದು. ಉದ್ಯೋಗದಾತನು ತೆರದಿದ್ದಾಗ, ಕುಟುಂಬಕ್ಕೂ ಶಕ್ತಿಯಿಲ್ಲದಿದ್ದಾಗ, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿ ನೆರವು ನೀಡಬಹುದು. ದೂರು ದಾಖಲಿಸಲು ವಿದೇಶಾಂಗ ಮಂತ್ರಾಲಯದ ಮದದ್ ಎಂಬ ಜಾಲತಾಣವಿದೆ.

ಉತ್ತರಾಧಿಕಾರ ಮತ್ತು ಉಯಿಲು

ಸ್ಥಿರಾಸ್ತಿಗೆ ಅದು ಇರುವ ದೇಶದ ಕಾನೂನು, ಚರಾಸ್ತಿಗೆ ಮೃತನ ಕಾಯಂ ನೆಲೆಯ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದು ಭಾರತೀಯ ನ್ಯಾಯಾಲಯಗಳು ಅನುಸರಿಸುವ ತತ್ತ್ವ. ಆದರೆ ವಿದೇಶದ ಬ್ಯಾಂಕು ತನ್ನ ದೇಶದ ನ್ಯಾಯಾಲಯದ ಆದೇಶವನ್ನು ಮಾತ್ರ ಪಾಲಿಸುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೆಹಕರದಲ್ಲಿ ಸ್ವಯಾರ್ಜಿತ ಹೊಲವೂ ದುಬೈಯ ಬ್ಯಾಂಕಿನಲ್ಲಿ ಉಳಿತಾಯವೂ ಇರುವ ವ್ಯಕ್ತಿಯೊಬ್ಬ ತಾಯಿ, ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಬಿಟ್ಟು ಉಯಿಲಿಲ್ಲದೆ ಮೃತನಾದನೆಂದು ಭಾವಿಸೋಣ. ಅವನು ಹಿಂದೂ ಆಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಹೊಲದಲ್ಲಿ ನಾಲ್ವರಿಗೂ ಸಮಾನವಾಗಿ ಕಾಲುಭಾಗ. ಈ ಅಧಿನಿಯಮವು ವೀರಶೈವ ಮತ್ತು ಲಿಂಗಾಯತರನ್ನು ಹೆಸರಿಸಿಯೇ ಒಳಗೊಳ್ಳುತ್ತದೆ. 2023ರ ಫೆಬ್ರವರಿ 1ರಿಂದ ಜಾರಿಗೆ ಬಂದ ಸಂಯುಕ್ತ ಅರಬ್ ಸಂಸ್ಥಾನದ ಮುಸ್ಲಿಮೇತರರ ನಾಗರಿಕ ವೈಯಕ್ತಿಕ ಕಾನೂನಿನ ಪ್ರಕಾರವಾದರೆ ದುಬೈಯ ಹಣದಲ್ಲಿ ಅರ್ಧ ಪತ್ನಿಗೆ, ಉಳಿದರ್ಧ ಮಕ್ಕಳಿಗೆ ಸಮನಾಗಿ. ತಾಯಿಗೆ ಏನೂ ಇಲ್ಲ. ಸ್ವದೇಶದ ಕಾನೂನನ್ನೇ ಅನ್ವಯಿಸಬೇಕೆಂದು ವಾರಸುದಾರರು ಕೋರಬಹುದಾದರೂ, ಊರಿನಲ್ಲಿರುವ ವೃದ್ಧ ತಾಯಿ ದುಬೈಯ ನ್ಯಾಯಾಲಯದ ಮುಂದೆ ಆ ಕೋರಿಕೆ ಸಲ್ಲಿಸುವುದು ಕಾರ್ಯತಃ ಬಹಳ ದೂರದ ಮಾತು.

ಮುಸ್ಲಿಮರಲ್ಲಿ ವಾರಸುದಾರರ ಪಾಲುಗಳು ನಿಗದಿತವಾಗಿವೆ: ಮಕ್ಕಳಿರುವಾಗ ಪತ್ನಿಗೆ ಎಂಟನೆಯ ಒಂದು ಭಾಗ, ತಾಯಿಗೆ ಆರನೆಯ ಒಂದು ಭಾಗ, ಉಳಿದುದರಲ್ಲಿ ಮಗನಿಗೆ ಮಗಳ ಎರಡರಷ್ಟು. ಅಂತ್ಯಸಂಸ್ಕಾರದ ವೆಚ್ಚ ಮತ್ತು ಸಾಲ ಕಳೆದು ಉಳಿದ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ಮಾತ್ರ ವಸಿಯತ್ ಮಾಡಬಹುದು. ಸುನ್ನಿ ಹನಫಿ ಪದ್ಧತಿಯಲ್ಲಿ ವಾರಸುದಾರನೊಬ್ಬನ ಪರವಾಗಿ ಮಾಡಿದ ವಸಿಯತ್‌ಗೆ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಹಿಂದೂ ಮತ್ತು ಕ್ರೈಸ್ತರ ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಬರೆದವನ ಸಹಿ ಹಾಗೂ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ. ದುಬೈಯಲ್ಲಿ ಮುಸ್ಲಿಮೇತರರ ಉಯಿಲುಗಳ ನೋಂದಣಿಗಾಗಿ ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ 2015ರಿಂದ ಕಚೇರಿಯಿದೆ. ಅಬುಧಾಬಿಯ ನ್ಯಾಯಾಂಗ ಇಲಾಖೆಯಲ್ಲಿಯೂ ವ್ಯವಸ್ಥೆಯಿದೆ. ಎರಡು ದೇಶಗಳಲ್ಲಿ ಆಸ್ತಿಯಿರುವವರು ಎರಡು ಉಯಿಲು ಮಾಡುವುದುಂಟು. ಆಗ ಎರಡನೆಯದರಲ್ಲಿ ‘ಈ ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ’ ಎಂಬ ರೂಢಿಯ ವಾಕ್ಯ ಸೇರಿಕೊಂಡರೆ ಮೊದಲನೆಯದೂ ಅಳಿದುಹೋಗುತ್ತದೆ. ಪ್ರತಿಯೊಂದು ಉಯಿಲೂ ಯಾವ ದೇಶದ ಆಸ್ತಿಗೆ ಸೀಮಿತ ಎಂಬುದನ್ನು ಅದರಲ್ಲಿಯೇ ಹೇಳಿರಬೇಕು.

ಅಪ್ರಾಪ್ತ ಮಕ್ಕಳೊಂದಿಗೆ ವಿದೇಶದಲ್ಲಿರುವ ದಂಪತಿಗಳಿಗೆ ಪಾಲಕರ ನೇಮಕ ಆಸ್ತಿಗಿಂತ ಮುಖ್ಯವಾದದ್ದು. ಇಬ್ಬರೂ ಒಂದೇ ಅಪಘಾತದಲ್ಲಿ ಮೃತರಾದರೆ ಊರಿನಿಂದ ಬಂಧುಗಳು ಬರುವವರೆಗೆ ಮಕ್ಕಳು ಯಾರ ವಶದಲ್ಲಿರಬೇಕೆಂಬ ಪ್ರಶ್ನೆ ತಕ್ಷಣ ಏಳುತ್ತದೆ. ಹಿಂದೂಗಳು ಉಯಿಲಿನ ಮೂಲಕ ಪಾಲಕರನ್ನು ನೇಮಿಸಲು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ ಅವಕಾಶ ನೀಡುತ್ತದೆ. ವಿದೇಶದಲ್ಲಿಯೇ ವಾಸಿಸುವ ತಾತ್ಕಾಲಿಕ ಪಾಲಕರೊಬ್ಬರನ್ನೂ ಹೆಸರಿಸುವುದು ಅಪೇಕ್ಷಣೀಯ.

ಮುಖ್ತಿಯಾರ್‌ನಾಮೆ ಮತ್ತು ನಾಮನಿರ್ದೇಶನ

ಊರಿನ ಸಹೋದರನಿಗೆ ಮುಖ್ತಿಯಾರ್‌ನಾಮೆ ಬರೆದುಕೊಟ್ಟರೆ ಎಲ್ಲವೂ ಸುರಕ್ಷಿತವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. 1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಪ್ರಕರಣದಂತೆ, ಬರೆದುಕೊಟ್ಟವನ ಮರಣದೊಂದಿಗೆ ಸಾಮಾನ್ಯ ಮುಖ್ತಿಯಾರ್‌ನಾಮೆ ಕೊನೆಗೊಳ್ಳುತ್ತದೆ. ಬದುಕಿರುವವರೆಗಿನ ವ್ಯವಹಾರಕ್ಕೆ ಅದು ಸಾಧನ, ಆನಂತರಕ್ಕೆ ಉಯಿಲು.

ಎರಡನೆಯ ತಪ್ಪುಕಲ್ಪನೆ ನಾಮಿನಿಯ ಕುರಿತದ್ದು. ನಾಮಿನಿ ಹಣವನ್ನು ಸ್ವೀಕರಿಸುವವನೇ ಹೊರತು ಒಡೆಯನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1984ರ ಸರ್ಬತಿ ದೇವಿ ಪ್ರಕರಣದಲ್ಲಿ ವಿಮೆಯ ಸಂಬಂಧದಲ್ಲಿಯೂ, 2023ರ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಷೇರುಗಳ ಸಂಬಂಧದಲ್ಲಿಯೂ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಬಳಿಕ, ತಂದೆತಾಯಿ, ಸಂಗಾತಿ ಅಥವಾ ಮಕ್ಕಳು ನಾಮಿನಿಯಾಗಿದ್ದರೆ ಅವರೇ ಫಲಾನುಭವಿಗಳಾಗುತ್ತಾರೆ. ಭಾರತದ ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ಅವಿವಾಹಿತನಾಗಿದ್ದಾಗ ತಂದೆಯ ಹೆಸರು ಬರೆಸಿ, ವಿವಾಹಾನಂತರ ಅದನ್ನು ಹಾಗೆಯೇ ಬಿಟ್ಟಿರುವ ಖಾತೆಗಳು ಕುಟುಂಬ ಕಲಹಕ್ಕೆ ಕಾರಣವಾಗುವುದುಂಟು.

ಸೇವಾಂತ್ಯದ ಹಣ ಮತ್ತು ವಿಮೆ

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ, ಆನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲವೇತನವನ್ನು ಸೇವಾಂತ್ಯದ ಉಪದಾನವಾಗಿ ಕೊಡಬೇಕು. 2021ರ ಕಾರ್ಮಿಕ ಕಾನೂನಿನಂತೆ, ಕಾರ್ಮಿಕ ಮೃತನಾದರೆ ಬಾಕಿ ವೇತನ ಹಾಗೂ ಉಪದಾನವನ್ನು 10 ದಿನಗಳೊಳಗೆ ಕುಟುಂಬಕ್ಕೆ ಸಲ್ಲಿಸಬೇಕು. ಅದನ್ನು ಪಡೆಯಬೇಕಾದ ಕುಟುಂಬ ಸದಸ್ಯ ಯಾರೆಂದು ಕಾರ್ಮಿಕನು ಮುಂಚಿತವಾಗಿ ಲಿಖಿತವಾಗಿ ಸೂಚಿಸಬಹುದು.

ಹತ್ತನೆಯ ತರಗತಿ ಪೂರೈಸದೆ, ವಲಸೆ ಅನುಮತಿ ಅಗತ್ಯವಿರುವ ಪಾಸ್‌ಪೋರ್ಟಿನಲ್ಲಿ ಕೊಲ್ಲಿಗೆ ತೆರಳುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. 2003ರಲ್ಲಿ ಆರಂಭವಾಗಿ 2017ರಲ್ಲಿ ಪರಿಷ್ಕೃತವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಅಥವಾ ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಗಳ ವಿಮೆಯಿದೆ. ಆದರೆ ಈ ಮೊತ್ತ ಅಪಘಾತದ ಮರಣ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ನಿದ್ರೆಯಲ್ಲಿ ಹೃದಯಾಘಾತದಿಂದ ಸತ್ತ ಕಾರ್ಮಿಕನ ಕುಟುಂಬಕ್ಕೆ ಅದು ದೊರೆಯದು. ಆ ಕೊರತೆಯನ್ನು ತುಂಬಲು ಸಾಮಾನ್ಯ ಅವಧಿ ವಿಮೆ ಬೇಕಾಗುತ್ತದೆ. ಅದನ್ನು ಖರೀದಿಸುವಾಗ ವಿದೇಶವಾಸವನ್ನು ಮರೆಮಾಚಿದರೆ ಪರಿಹಾರ ನಿರಾಕರಣೆಯಾಗಬಹುದು.

ಊರಿನ ದಾಖಲೆಗಳು

ವಿದೇಶದ ನ್ಯಾಯಾಲಯವಾಗಲಿ ಉದ್ಯೋಗದಾತನಾಗಲಿ ವಾರಸುದಾರರು ಯಾರೆಂಬುದಕ್ಕೆ ಊರಿನಿಂದಲೇ ಪುರಾವೆ ಕೇಳುತ್ತಾರೆ. ನಾಡಕಚೇರಿಯ ಮೂಲಕ ದೊರೆಯುವ ವಂಶವೃಕ್ಷ ಮತ್ತು ಜೀವಂತ ಕುಟುಂಬ ಸದಸ್ಯರ ಪ್ರಮಾಣಪತ್ರಗಳು ಇದಕ್ಕೆ ಆಧಾರ. ಷೇರು, ಸಾಲಪತ್ರ, ಬಾಕಿ ಹಣ ಮುಂತಾದವುಗಳಿಗೆ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಪಡೆಯಬೇಕಾಗಬಹುದು. ಜಮೀನಿನ ಪಹಣಿಯಲ್ಲಿ ವಾರಸುದಾರರ ಹೆಸರು ಬರಲು ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ವಿದೇಶದಲ್ಲಿರುವ ಭಾರತೀಯನು ಕೃಷಿ ಜಮೀನನ್ನು ಕೊಳ್ಳುವಂತಿಲ್ಲವಾದರೂ ಉತ್ತರಾಧಿಕಾರದಿಂದ ಪಡೆಯಬಹುದು.

ಗಡಿಭಾಗದ ವಿಶೇಷ ತೊಡಕು ಹೆಸರಿನದು. ನಿಜಾಮರ ಕಾಲದ ಹಳೆಯ ಕಂದಾಯ ಪತ್ರಗಳು ಉರ್ದುವಿನಲ್ಲಿವೆ, ಶಾಲಾ ದಾಖಲೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಇರಬಹುದು, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿದೆ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಒಂದೆಡೆ ಅಡ್ಡಹೆಸರು ಇನ್ನೊಂದೆಡೆ ತಂದೆಯ ಹೆಸರು, ಅರಬ್ಬಿಯಲ್ಲಿ ಬರೆದ ಮರಣ ಪ್ರಮಾಣಪತ್ರದಲ್ಲಿ ಮೂರನೆಯದೇ ಕಾಗುಣಿತ: ಇವೆಲ್ಲ ಒಬ್ಬನೇ ವ್ಯಕ್ತಿಗೆ ಸೇರಿದವೆಂದು ಅವನ ಮರಣಾನಂತರ ರುಜುವಾತುಪಡಿಸುವುದಕ್ಕಿಂತ, ಬದುಕಿರುವಾಗ ರಜೆಯಲ್ಲಿ ಊರಿಗೆ ಬಂದಾಗ ಆಧಾರ್, ಪಾಸ್‌ಪೋರ್ಟ್ ಮತ್ತು ಪಹಣಿಯ ಹೆಸರುಗಳನ್ನು ಸರಿಹೊಂದಿಸುವುದು ಸುಲಭ.

ಚಿಕಿತ್ಸೆಯ ಕುರಿತ ಮುಂಗಡ ನಿರ್ದೇಶನ

ಚೇತರಿಕೆಯ ಸಾಧ್ಯತೆ ಇಲ್ಲದಾಗ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದನ್ನು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪಿನಲ್ಲಿ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಭಾರತದಲ್ಲಿ ಮಾಡಿದ ಇಂತಹ ನಿರ್ದೇಶನ ಬೇರೆ ದೇಶದ ವೈದ್ಯರನ್ನು ತಾನಾಗಿ ಬದ್ಧಗೊಳಿಸುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ

ಭಾರತದಲ್ಲಿ ಮರಣ ತೆರಿಗೆ 1985ರಲ್ಲಿ ರದ್ದಾಗಿರುವುದರಿಂದ ವಿದೇಶಗಳ ತೆರಿಗೆ ಅನೇಕ ಕುಟುಂಬಗಳಿಗೆ ಅನಿರೀಕ್ಷಿತವಾಗಿರುತ್ತದೆ. ಅಮೆರಿಕದ ಕಾಯಂ ನಿವಾಸಿಯೂ ನಾಗರಿಕನೂ ಅಲ್ಲದವನ ಅಲ್ಲಿನ ಆಸ್ತಿ 60,000 ಡಾಲರ್ ಮೀರಿದರೆ ಅದು ಮರಣ ತೆರಿಗೆಯ ವ್ಯಾಪ್ತಿಗೆ ಬರಬಹುದು. ಅಮೆರಿಕದ ಕಂಪನಿಗಳ ಷೇರುಗಳೂ ಇದರಲ್ಲಿ ಸೇರುತ್ತವೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ, ಹಿಂದಿನ 20 ವರ್ಷಗಳಲ್ಲಿ 10 ವರ್ಷ ಅಲ್ಲಿ ನಿವಾಸಿಯಾಗಿದ್ದವರ ಭಾರತದ ಆಸ್ತಿಯೂ ಉತ್ತರಾಧಿಕಾರ ತೆರಿಗೆಯ ಲೆಕ್ಕಕ್ಕೆ ಬರಬಹುದು.